ಅಲಸಂದೆಯ ಕಟ್ಟು ಚೆಲ್ಲಬೇಡಿ: ಅಮೆರಿಕದ ದಕ್ಷಿಣ ಸೀಮೆಯ ಅಡುಗೆ ನಮ್ಮ ದಾವಣಗೆರೆ ಒಲೆಯ ಮೇಲೆ

ದಾವಣಗೆರೆಯ ಕಾಳಿನ ಅಂಗಡಿಯೊಂದರಲ್ಲಿ 26 ವರ್ಷ ಲೆಕ್ಕ ಬರೆದವನು ನಾನು. ಒಂದು ಹಿಡಿ ಕಾಳು ಅಂಗೈಗೆ ಹಾಕಿದರೆ ಈ ವರ್ಷದ್ದೋ ಹೋದ ವರ್ಷದ್ದೋ ಹೇಳುತ್ತೇನೆ. ಬೇಯಿಸೋದು ಮಾತ್ರ ಮೊನ್ನೆ ಮೊನ್ನೆವರೆಗೂ ಗೊತ್ತಿರಲಿಲ್ಲ.

ಕಲಿಯುವ ಹಾಗೆ ಮಾಡಿದ್ದು ಮಗಳು. ಅವಳಿಗೆ ಬೆಂಗಳೂರಲ್ಲಿ ಕೆಲಸ. ಒಂದು ದೀಪಾವಳಿಗೆ ಬಂದವಳು, 'ಅಪ್ಪಾಜಿ, ನಾನೀಗ ವೀಗನ್' ಅಂದಳು. ಹಾಲು ಬೇಡ, ಮೊಸರು ಬೇಡ, ತುಪ್ಪ ಬೇಡ. ಬೆಣ್ಣೆಯೂ ಬೇಡ ಅಂದಾಗ ಅವಳಮ್ಮ ಸುಮ್ನೆ ಕುರ್ಚಿ ಎಳೆದುಕೊಂಡು ಕೂತುಬಿಟ್ಟಳು. ಬೆಣ್ಣೆ ದೋಸೆ ಊರಲ್ಲಿ ಹುಟ್ಟಿದ ಹುಡುಗಿ!

ಅವಳ ಆಫೀಸಿನ ತಂಡದಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಹೆಂಗಸೊಬ್ಬರು ಇದ್ದಾರಂತೆ. ಅವರ ಮನೆಯಲ್ಲಿ ಜನವರಿ 1ಕ್ಕೆ 'ಬ್ಲ್ಯಾಕ್ ಐಡ್ ಪೀಸ್' ಆಗಲೇಬೇಕು. ಮಗಳು ಫೋನಿನಲ್ಲಿ ಚಿತ್ರ ತೋರಿಸಿದಳು. ನೋಡಿದರೆ ನಮ್ಮ ಅಲಸಂದೆ ಕಾಳು! ಮೈಸೂರು ಕಡೆಯವರು ತಡಗುಣಿ ಅಂತಾರಲ್ಲ, ಅದೇ. ಬಿಳೀ ಕಾಳು, ನಡುವೆ ಒಂದು ಕರಿ ಕಣ್ಣು. ಎಷ್ಟು ಚೀಲ ತೂಗಿಸಿದ್ದೇನೋ ಲೆಕ್ಕವಿಲ್ಲ.

ಆದರೆ ಅವರ ಅಡುಗೆ ನಮ್ಮ ಪಲ್ಯವೂ ಅಲ್ಲ, ಹುಳಿಯೂ ಅಲ್ಲ. ಅಲ್ಲಿ ಹಂದಿಯ ಹೊಗೆ ಹಿಡಿಸಿದ ಮಾಂಸವನ್ನೋ ಮೂಳೆಯನ್ನೋ ಹಾಕಿ ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೇಯಿಸುತ್ತಾರೆ. ನಮಗೆ ಅದು ಬೇಡ. ಆ ಹೊಗೆ ವಾಸನೆ ಮಾತ್ರ ಬೇಕು. ಮೂರು ಸಲ ಕೆಡಿಸಿ ನಾಲ್ಕನೇ ಸಲ ಕೈಗೆ ಹತ್ತಿದ ರೀತಿ ಇದು.

ಮೊದಲು ಕಾಳಿನ ಮಾತು. ಇದು ನನ್ನ ಕಸುಬು, ಸ್ವಲ್ಪ ಜಾಸ್ತಿ ಹೇಳುತ್ತೇನೆ. ಹೊಸ ಅಲಸಂದೆ ಕೆನೆ ಬಣ್ಣಕ್ಕಿರುತ್ತದೆ, ಕಣ್ಣು ಅಚ್ಚು ಒತ್ತಿದ ಹಾಗೆ ಕಪ್ಪಗಿರುತ್ತದೆ. ಹಳತಾದಂತೆ ಮೈ ಕಂದುತ್ತದೆ, ಹೊಳಪು ಹೋಗುತ್ತದೆ. ಹಳೇ ಕಾಳು ಎಷ್ಟು ಬೇಯಿಸಿದರೂ ಒಂದು ಮೆತ್ತಗಾದರೆ ಒಂದು ಗಟ್ಟಿ ಉಳಿಯುತ್ತದೆ. ದುಂಡು ತೂತು ಕಂಡರೆ ಹುಳ ಹೊರಗೆ ಹೋಗಿದೆ ಅಂತ ಲೆಕ್ಕ. ತೂತಿಲ್ಲದಿದ್ದರೂ ಸಿಪ್ಪೆ ಮೇಲೆ ಬಿಳೀ ಚುಕ್ಕೆ ಅಂಟಿಕೊಂಡಿದೆಯಾ ನೋಡಿ. ಅದು ಹುಳದ ಮೊಟ್ಟೆ. ಅಂಥದ್ದನ್ನು ತಂದು ಡಬ್ಬಿಗೆ ಹಾಕಿದರೆ ಪಕ್ಕದ ಹೆಸರುಕಾಳಿಗೂ ಹತ್ತುತ್ತದೆ. ಪ್ಯಾಕೆಟ್‌ಗಿಂತ ಬಿಡಿಯಾಗಿ, ಕೈಯಾಡಿಸಿ ನೋಡಿ ಕೊಳ್ಳುವುದೇ ಒಳ್ಳೆಯದು. ನಮ್ಮ ಕಡೆ ಅಕ್ಕಡಿ ಸಾಲಿನಲ್ಲಿ ಬೆಳೆಯುವ ಸಣ್ಣ ಕೆಂಪು ಅಲಸಂದೆಯೂ ಆಗುತ್ತದೆ. ರುಚಿ ಅದಕ್ಕೇ ಜಾಸ್ತಿ, ಬಣ್ಣ ಮಾತ್ರ ಮಂಕು.

ನಾಲ್ಕು ಜನಕ್ಕೆ ಕಾಲು ಕೆಜಿ ಕಾಳು ಸಾಕು. ಒಂದು ಲೀಟರ್ ನೀರಿಗೆ ಎರಡು ಚಿಕ್ಕ ಚಮಚ ಉಪ್ಪು ಕರಗಿಸಿ, ಅದರಲ್ಲಿ ನಾಲ್ಕೈದು ಗಂಟೆ ನೆನೆಹಾಕಿ. ಉಪ್ಪು ಹಾಕಿದರೆ ಕಾಳು ಬೇಯಲ್ಲ ಅಂತ ನಮ್ಮಮ್ಮನೂ ಹೇಳುತ್ತಿದ್ದರು. ನೆನೆಯುವಾಗ ಹಾಕಿದ ಉಪ್ಪು ಸಿಪ್ಪೆಯನ್ನು ಮೆತ್ತಗೆ ಮಾಡುತ್ತದೆ, ಕಾಳು ಒಡೆಯುವುದೂ ಕಡಿಮೆ. ಬೇಯಲು ಬಿಡದೆ ಕಾಡುವುದು ಹುಳಿ. ಟೊಮ್ಯಾಟೊ, ಹುಣಸೆ, ವಿನೆಗರ್ ಯಾವುದೂ ಕಾಳು ಬೇಯುವ ತನಕ ಹತ್ತಿರ ಬರಬಾರದು.

ಇನ್ನೊಂದು ಶತ್ರು ಬೋರ್ ನೀರು. ಒಂದು ಸಲ ಚಿತ್ರದುರ್ಗದ ತಂಗಿ ಮನೆಯಲ್ಲಿ ಈ ಅಡುಗೆ ಮಾಡಿ ತೋರಿಸಲು ಹೋದೆ. ಒಂದೂವರೆ ಗಂಟೆ ಕುದಿಸಿದೆ. ಕಾಳು ಜಲ್ಲಿಕಲ್ಲಿನ ಹಾಗೇ ಇತ್ತು. 'ಅಣ್ಣಾ, ಬೋರ್ ನೀರಲ್ಲಿ ನಾವು ಬೇಳೆ ಕೂಡ ಬೇಯಿಸಲ್ಲ, ಕ್ಯಾನ್ ನೀರು ಹಾಕ್ತೀವಿ' ಅಂತ ಆಮೇಲೆ ಹೇಳಿದಳು. ಗಡಸು ನೀರಿನ ಸುಣ್ಣದ ಅಂಶ ಸಿಪ್ಪೆಯನ್ನು ಬಿಗಿ ಮಾಡುತ್ತದೆ. ದಾವಣಗೆರೆಯಲ್ಲಿ ಭದ್ರಾ ನಾಲೆಯಿಂದ ಕೆರೆ ತುಂಬಿಸಿ ಕೊಡುವ ನಲ್ಲಿ ನೀರು ಬಂದ ದಿನ ತೊಂದರೆಯಿಲ್ಲ. ಬೋರ್ ನೀರು ಬಿಟ್ಟರೆ ಗತಿಯಿಲ್ಲ ಅನ್ನುವವರು ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ. ಚಿಟಿಕೆ ಅಂದರೆ ಚಿಟಿಕೆ. ಜಾಸ್ತಿಯಾದರೆ ಸೋಪಿನ ರುಚಿ.

ಈಗ ಒಲೆ ಹಚ್ಚೋಣ. ಎರಡು ದೊಡ್ಡ ಈರುಳ್ಳಿ, ಒಂದು ಕ್ಯಾಪ್ಸಿಕಂ ಸಣ್ಣಗೆ ಹೆಚ್ಚಿಕೊಳ್ಳಿ. ಅವರು ಜೊತೆಗೆ ಸೆಲರಿ ದಂಟು ಹಾಕುತ್ತಾರೆ. ಅದು ನಮ್ಮ ತರಕಾರಿ ಅಂಗಡಿಯಲ್ಲಿ ಸಿಗದು. ನಾನು ಕೊತ್ತಂಬರಿ ಸೊಪ್ಪಿನ ದಂಟು ಒಂದು ಹಿಡಿ ಹೆಚ್ಚಿ ಹಾಕುತ್ತೇನೆ. ದಪ್ಪ ತಳದ ಪಾತ್ರೆಗೆ ಮೂರು ದೊಡ್ಡ ಚಮಚ ಶೇಂಗಾ ಎಣ್ಣೆ. ಚಳ್ಳಕೆರೆ ಕಡೆಯ ಗಾಣದ ಎಣ್ಣೆ ಸಿಕ್ಕರೆ ಬಿಡಬೇಡಿ. ಬೆಣ್ಣೆ ಇಲ್ಲದ ಅಡುಗೆಗೆ ಎಣ್ಣೆಯದ್ದೇ ಒಂದು ಘಮ ಬೇಕು.

ಈ ಮೂರನ್ನೂ ಎಣ್ಣೆಯಲ್ಲಿ ಹದಿನೈದು ನಿಮಿಷ ಬಾಡಿಸಿ. ಇಲ್ಲಿ ಅವಸರ ಬೇಡ. ನಾವು ಒಗ್ಗರಣೆಯಲ್ಲಿ ಈರುಳ್ಳಿ ಹೊಂಬಣ್ಣ ಬಂದರೆ ಸಾಕು ಅನ್ನುತ್ತೇವೆ. ಇದಕ್ಕೆ ಅದು ಸಾಲದು. ಅಂಚು ಕಂದು ಬಣ್ಣ ತಿರುಗಿ, ತಳಕ್ಕೆ ಸ್ವಲ್ಪ ಹತ್ತಬೇಕು. ಮಾಂಸ ಕೊಡುವ ಗಟ್ಟಿ ರುಚಿಯ ಅರ್ಧ ಇಲ್ಲೇ ಸಿಗುವುದು. ಆಮೇಲೆ ಜಜ್ಜಿದ ಎಂಟು ಎಸಳು ಬೆಳ್ಳುಳ್ಳಿ, ಅರ್ಧ ಚಮಚ ಕುಟ್ಟಿದ ಕರಿಮೆಣಸು, ಕಾಲು ಚಮಚ ಓಂಕಾಳು. ಅವರು ಹಾಕುವುದು ಥೈಮ್ ಅನ್ನುವ ಸೊಪ್ಪು. ಥೈಮಿಗೆ ಆ ಘಾಟು ಕೊಡುವ ಸತ್ವವೇ ನಮ್ಮ ಓಂಕಾಳಿನಲ್ಲೂ ಇದೆ. ಕಾಳು ತಿಂದ ಮೇಲಿನ ಹೊಟ್ಟೆಯುಬ್ಬರಕ್ಕೂ ಒಳ್ಳೆಯದು, ಅಲ್ವಾ?

ಮನೆಯವಳು ಮೊದಲ ಸಲ ಪಕ್ಕದಲ್ಲಿ ನಿಂತು ನೋಡಿದಳು. 'ಏನ್ರೀ, ಸಾಸಿವೆ ಮರೆತ್ರಾ? ಅರಿಶಿನ? ಕಾಯಿತುರಿ?' ಯಾವುದೂ ಇಲ್ಲ. ಕರಿಬೇವೂ ಇಲ್ಲ. ಇವು ಬಿದ್ದರೆ ರುಚಿ ಚೆನ್ನಾಗೇ ಇರುತ್ತದೆ, ಆದರೆ ಅದು ನಮ್ಮ ಅಲಸಂದೆ ಪಲ್ಯ ಆಗುತ್ತದೆ. ನಾನು ಎರಡನೇ ಸಲ ಹಾಗೇ ಕೆಡಿಸಿದ್ದು. ಕೈ ತಡೆಯಲಿಲ್ಲ, ಜೀರಿಗೆ ಹಾಕಿಬಿಟ್ಟೆ.

ನೆನೆದ ಕಾಳಿನ ನೀರು ಬಸಿದು, ಕಾಳನ್ನು ಪಾತ್ರೆಗೆ ಸುರಿದು, ಒಂದೂಕಾಲು ಲೀಟರ್ ಬಿಸಿನೀರು ಹಾಕಿ. ಒಂದು ಕುದಿ ಬಂದ ಮೇಲೆ ನೊರೆ ತೆಗೆಯಿರಿ. ಒಂದು ಚಮಚ ಉಪ್ಪು ಹಾಕಿ ಉರಿ ಇಳಿಸಿ, ಮುಚ್ಚಳ ಓರೆಯಾಗಿ ಇಡಿ. ನಲವತ್ತು ನಿಮಿಷ ಬೇಕು. ಕುಕ್ಕರ್ ಆಗಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಆಗುತ್ತದೆ. ನೆನೆದ ಕಾಳಿಗೆ ಒಂದೇ ಸೀಟಿ, ಆಮೇಲೆ ತಾನಾಗಿ ಇಳಿಯಲು ಬಿಡಿ. ಆದರೆ ಒಂದು ನಿಮಿಷ ಹೆಚ್ಚಾದರೂ ಗಂಜಿ. ಪಾತ್ರೆಯಲ್ಲಿ ಬೇಯಿಸಿದರೆ ಕಾಳು ಇಡಿಯಾಗಿ ಉಳಿಯುತ್ತದೆ, ನೀರು ಮಾತ್ರ ಮಂದವಾಗುತ್ತದೆ.

ಆ ನೀರೇ ಈ ಅಡುಗೆ. ಅವರು ಅದನ್ನು 'ಪಾಟ್ ಲಿಕರ್' ಅಂತಾರಂತೆ. ಹೆಸರು ಕೇಳಿ ಹೆದರಬೇಡಿ, ಸಾರಾಯಿ ಅಲ್ಲ. ಹೋಳಿಗೆ ದಿನ ಬೇಳೆ ಬಸಿದ ಕಟ್ಟಿನಿಂದ ಸಾರು ಮಾಡುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಕಟ್ಟು ತೆಳ್ಳಗಿದ್ದರೆ ಒಂದು ಸೌಟು ಕಾಳನ್ನು ಪಾತ್ರೆಯ ಅಂಚಿಗೆ ಒತ್ತಿ ಮಸೆಯಿರಿ, ಸಾಕು. ಹಿಟ್ಟು ಕದಡಿ ಹಾಕುವುದು ಬೇಡ.

ಇನ್ನು ಹೊಗೆ. ಮೊದಲ ಸಲ ಮಗಳು ಬೆಂಗಳೂರಿಂದ 'ಲಿಕ್ವಿಡ್ ಸ್ಮೋಕ್' ಅನ್ನುವ ಶೀಶೆ ತಂದಿದ್ದಳು. ಸೌದೆಯ ಹೊಗೆಯನ್ನೇ ತಣಿಸಿ ನೀರು ಮಾಡಿದ್ದು ಅದು. ನಾಲ್ಕು ಹನಿ ಅಂದಿದ್ದಳು. ನಾನು ಒಂದು ಚಮಚ ಹಾಕಿದೆ. ಮನೆಯೆಲ್ಲ ಟೈರ್ ಸುಟ್ಟ ವಾಸನೆ. ಹಾಲು ಕೊಡಲು ಬಂದ ಹುಡುಗ ಒಳಗೆ ಇಣುಕಿ ನೋಡಿದ. ಆ ಶೀಶೆ ಈಗಲೂ ಅಟ್ಟದ ಮೇಲಿದೆ.

ಅದಕ್ಕಿಂತ ನಮ್ಮದೇ ದಾರಿ ವಾಸಿ. ನಾಲ್ಕು ಬ್ಯಾಡಗಿ ಮೆಣಸಿನಕಾಯಿಯನ್ನು ಇಕ್ಕಳದಲ್ಲಿ ಹಿಡಿದು ಉರಿಗೆ ತೋರಿಸಿ. ಉಬ್ಬಿ, ಅಲ್ಲಲ್ಲಿ ಕಪ್ಪಾಗುವಷ್ಟು ಮಾತ್ರ, ಐದಾರು ಸೆಕೆಂಡು. ಸುಟ್ಟರೆ ಕಹಿ. ಬೀಜ ಕೊಡವಿ ಪುಡಿ ಮಾಡಿ ಕಾಳಿನ ಜೊತೆಗೇ ಹಾಕಿ. ಅವರ ಹೊಗೆ ಹಿಡಿಸಿದ ಪ್ಯಾಪ್ರಿಕಾ ಪುಡಿಗೆ ಇದೇ ಜೋಡಿ: ಬಣ್ಣ ಜಾಸ್ತಿ, ಖಾರ ಕಡಿಮೆ. ಒಂದು ಟೊಮ್ಯಾಟೊವನ್ನು ಬದನೆಕಾಯಿ ಸುಡುವ ಹಾಗೆ ಉರಿಯ ಮೇಲೆ ಸುಟ್ಟು, ಸಿಪ್ಪೆ ತೆಗೆದು, ಹಿಸುಕಿ ಇಟ್ಟುಕೊಳ್ಳಿ. ಅದು ಕೊನೆಗೆ.

ಕೊನೆಯ ಹತ್ತು ನಿಮಿಷಕ್ಕೆ ಸೊಪ್ಪು. ಅವರದ್ದು ಕೊಲಾರ್ಡ್ ಅನ್ನುವ ಅಗಲ ಎಲೆ, ಎಲೆಕೋಸಿನ ಕುಲದ್ದು. ಅದೇ ಕುಲದ ನವಿಲುಕೋಸಿನ ಎಲೆಯನ್ನು ನಾವು ಗಡ್ಡೆ ಕೊಂಡು ಬಿಸಾಡಿ ಬರುತ್ತೇವೆ. ಸಂತೆಯಲ್ಲಿ ಕೇಳಿದರೆ ಸುಮ್ನೆ ಕೊಡುತ್ತಾರೆ. ನಡುವಿನ ನಾರು ತೆಗೆದು ಹೆಚ್ಚಿ ಹಾಕಿ. ಕಾಳು ಬೆಂದಿದೆ ಅಂತ ಖಾತ್ರಿಯಾದ ಮೇಲೆ ಸುಟ್ಟ ಟೊಮ್ಯಾಟೊ, ಒಂದು ಚಮಚ ಸೋಯಾ ಸಾಸ್, ಕಡಲೆಕಾಳಿನಷ್ಟು ಬೆಲ್ಲ. ಉಪ್ಪು ನೋಡಿ. ಸೋಯಾದಲ್ಲೂ ಉಪ್ಪಿದೆ.

ಒಲೆ ಆರಿಸಿ. ಒಂದು ತುಂಡು ಇದ್ದಿಲನ್ನು ಗ್ಯಾಸ್ ಮೇಲೆ ಕೆಂಪಗೆ ಕಾಯಿಸಿ. ಇದ್ದಿಲು ನನಗೆ ಇಸ್ತ್ರಿ ಅಂಗಡಿಯವನು ಕೊಡುತ್ತಾನೆ. ಇಲ್ಲದಿದ್ದರೆ ತೆಂಗಿನ ಚಿಪ್ಪನ್ನು ಸುಟ್ಟು ಕೆಂಡ ಮಾಡಿದರೂ ನಡೆಯುತ್ತದೆ. ಸಣ್ಣ ಸ್ಟೀಲ್ ಬಟ್ಟಲನ್ನು ಕಾಳಿನ ಮೇಲೆ ತೇಲಿಸಿ, ಅದರಲ್ಲಿ ಕೆಂಡ ಇಟ್ಟು, ಮೇಲೆ ಅರ್ಧ ಚಮಚ ಎಣ್ಣೆ ಬಿಡಿ. ಇಲ್ಲಿ ಎಲ್ಲರೂ ತುಪ್ಪ ಬಿಡುತ್ತಾರೆ, ಮರೆತು ಬಿಟ್ಟರೆ ವೀಗನ್ ಕಥೆ ಮುಗಿಯಿತು. ಥಟ್ಟನೆ ಮುಚ್ಚಿ. ಐದು ನಿಮಿಷ, ಅಷ್ಟೇ. ಕಿಟಕಿ ತೆರೆದಿರಲಿ. ಹಳೇ ದೋಸೆ ಹೋಟೆಲಿನ ಸೌದೆ ಒಲೆ ಪಕ್ಕ ಕೂತು ತಿಂದವರಿಗೆ ಈ ವಾಸನೆ ಹೊಸದೇನಲ್ಲ.

ಬಡಿಸುವುದು ಅನ್ನದ ಮೇಲೆ. ಅಲ್ಲಿ ಇದನ್ನು ಅನ್ನದ ಜೊತೆ ಸೇರಿಸಿದರೆ 'ಹಾಪಿನ್ ಜಾನ್' ಅಂತ ಹೆಸರು. ಕೆರೊಲಿನಾ ಕಡೆಯ ಅಡುಗೆ ಪುಸ್ತಕದಲ್ಲಿ 1847ರಲ್ಲೇ ಅದು ಅಚ್ಚಾಗಿದೆ. ಆ ಸೀಮೆಯೂ ಭತ್ತದ್ದೇ. ಗದ್ದೆಯಲ್ಲಿ ದುಡಿದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಅಲಸಂದೆಯ ತವರೂ ಆಫ್ರಿಕಾ. ಅವರ ಜೊತೆಗೇ, ಆ ಹಡಗುಗಳ ಕಾಲದಲ್ಲೇ, ಈ ಕಾಳು ಅಮೆರಿಕಕ್ಕೆ ಹೋಯಿತು. ಪಶ್ಚಿಮ ಆಫ್ರಿಕಾದಲ್ಲಿ ಇದನ್ನೇ ನೆನೆಸಿ, ರುಬ್ಬಿ, ಎಣ್ಣೆಯಲ್ಲಿ ಕರಿದು 'ಅಕಾರಾ' ಮಾಡುತ್ತಾರೆ. ಥೇಟ್ ನಮ್ಮ ಅಲಸಂದೆ ವಡೆ. ಮಂಡಕ್ಕಿ ಜೊತೆ ಮಿರ್ಚಿ ಬದಲು ಅದನ್ನಿಟ್ಟರೆ ನಮ್ಮೂರವರು ಬೇಡ ಅನ್ನಲಿಕ್ಕಿಲ್ಲ.

ಹೊಸ ವರ್ಷಕ್ಕೆ ಯಾಕೆ ತಿಂತಾರೆ ಅಂತ ಕೇಳಿಸಿದೆ. ಕಾಳು ಅಂದರೆ ಚಿಲ್ಲರೆ, ಸೊಪ್ಪು ಅಂದರೆ ನೋಟು, ಪಕ್ಕದ ಮೆಕ್ಕೆಜೋಳದ ಬ್ರೆಡ್ಡು ಅಂದರೆ ಚಿನ್ನವಂತೆ. ಲೆಕ್ಕ ಬರೆದವನಿಗೆ ಇದು ಹಿಡಿಸದೆ ಇರುತ್ತದಾ?

ಆ ಚಿನ್ನವನ್ನೂ ಹೇಳಿಬಿಡುತ್ತೇನೆ. ಮೆಕ್ಕೆಜೋಳ ನಮ್ಮ ಜಿಲ್ಲೆಯಲ್ಲಿ ಲಾರಿಗಟ್ಟಲೆ ಬೆಳೆಯುತ್ತದೆ. ಆದರೆ ನಮ್ಮ ಮನಸ್ಸಿನಲ್ಲಿ ಅದು ಕೋಳಿ ಮೇವು. ಮನೆಯವಳು ಹಿಟ್ಟು ನೋಡಿ, 'ಇದನ್ನ ತಿನ್ನೋದಾ?' ಅಂದಳು. ಒಂದು ಲೋಟ ಮೆಕ್ಕೆಜೋಳದ ಹಿಟ್ಟು, ಅರ್ಧ ಲೋಟ ಗೋಧಿ ಹಿಟ್ಟು, ಒಂದು ಚಮಚ ಬೇಕಿಂಗ್ ಪೌಡರ್, ಉಪ್ಪು, ಎರಡು ದೊಡ್ಡ ಚಮಚ ಎಣ್ಣೆ, ಒಂದು ಚಮಚ ವಿನೆಗರ್. ಬೆಚ್ಚಗಿನ ನೀರಲ್ಲಿ ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ, ಎಣ್ಣೆ ಕಾದ ಕಬ್ಬಿಣದ ಬಾಣಲೆಗೆ ಒಂದೇ ದಪ್ಪಕ್ಕೆ ಸುರಿದು ಮುಚ್ಚಿ. ಸಣ್ಣ ಉರಿಯಲ್ಲಿ ಹನ್ನೆರಡು ನಿಮಿಷ, ಮಗುಚಿ ಐದು ನಿಮಿಷ. ಮೊಟ್ಟೆ, ಹಾಲು ಇಲ್ಲದ್ದಕ್ಕೆ ಸ್ವಲ್ಪ ಪುಡಿಪುಡಿ ಆಗುತ್ತದೆ. ಕಟ್ಟಿನಲ್ಲಿ ಅದ್ದಿದರೆ ಅದು ಗೊತ್ತಾಗಲ್ಲ.

ಮೇಜಿನ ಮೇಲೆ ಒಂದು ಶೀಶೆ ಇರಲಿ: ಸೀಳಿದ ಹಸಿಮೆಣಸಿನಕಾಯಿ ಒಂದು ಹಿಡಿ, ಮುಳುಗುವಷ್ಟು ವಿನೆಗರ್, ಚಿಟಿಕೆ ಉಪ್ಪು. ಮೂರು ದಿನ ಮೊದಲೇ ಹಾಕಿಡಬೇಕು. ತಟ್ಟೆಗೆ ಬಡಿಸಿದ ಮೇಲೆ ಅದನ್ನು ನಾಲ್ಕು ಹನಿ ಚಿಮುಕಿಸಿಕೊಳ್ಳುವುದು. ಹುಳಿ ಬೀಳದಿದ್ದರೆ ಈ ಅಡುಗೆ ಸಪ್ಪೆ ಅನ್ನಿಸುತ್ತದೆ.

ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟರೆ ಮೂರು ದಿನ ತೊಂದರೆಯಿಲ್ಲ. ಮಾರನೇ ದಿನ ಕಟ್ಟು ಗಟ್ಟಿಯಾಗಿ ಚಟ್ನಿ ಹದಕ್ಕೆ ಬರುತ್ತದೆ. ಬಿಸಿನೀರು ಬೆರೆಸಿ ಕಾಯಿಸಿ, ಜೋಳದ ರೊಟ್ಟಿಗೆ ಹಚ್ಚಿಕೊಳ್ಳಿ. ನಮ್ಮ ಮನೆಯಲ್ಲಿ ಅಷ್ಟು ಉಳಿಯುವುದು ಕಡಿಮೆ. ಜೀರಿಗೆ ಯಾಕೆ ಹಾಕಲಿಲ್ಲ ಅಂತ ಈಗಲೂ ಕೇಳುವವಳೇ, ರಾತ್ರಿ ಪಾತ್ರೆ ತೊಳೆಯುವ ಮೊದಲು ತಳದ ಕಟ್ಟನ್ನು ಲೋಟಕ್ಕೆ ಬಗ್ಗಿಸಿಕೊಂಡು ನಿಂತಲ್ಲೇ ಕುಡಿಯುತ್ತಾಳೆ.