ಕೊಳವೆಬಾವಿಯ ನೀರಿನಲ್ಲಿ ಬಂಡೆಯ ಒತ್ತಡ ಅಳೆಯುವುದು ಹೇಗೆ

ಬಂಡೆ ಮುರಿಯುವ ಮುನ್ನ ಅದರೊಳಗೆ ಕೂದಲೆಳೆಯಂಥ ಬಿರುಕುಗಳು ಬಿಡುತ್ತವೆ. ನೀರು ಆ ಸಂದಿಗೆ ಇಳಿದರೆ ಬಾವಿಯ ಮಟ್ಟ ತಗ್ಗುತ್ತದೆ, ಬಂಡೆ ಅದುಮಿಕೊಂಡರೆ ಏರುತ್ತದೆ. ಆದರೆ ಇದನ್ನೇ ನಂಬಿ ಭೂಕಂಪದ ದಿನ ಹೇಳಲಾಗದು. 1975ರಲ್ಲಿ ಚೀನಾದ ಹೈಚೆಂಗ್‌ನಲ್ಲಿ ಮೊದಲೇ ಎಚ್ಚರಿಸಿ ಜನರನ್ನು ಮನೆಯಿಂದ ಹೊರಡಿಸಿದ್ದರು. ಅಲ್ಲಿ ಮುಖ್ಯವಾಗಿ ನೆರವಾದದ್ದು ಮುಂಚೆ ಬಂದ ಸಣ್ಣ ಕಂಪನಗಳ ಸಾಲು. ಮರುವರ್ಷ ತಾಂಗ್‌ಶಾನ್‌ನಲ್ಲಿ ಎಚ್ಚರಿಕೆ ಇರಲಿಲ್ಲ, ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಮಲೆನಾಡಿನಲ್ಲಿ ನಾವು ಅಳೆಯಬೇಕಾದದ್ದು ನಮ್ಮ ಕಾಲಡಿಯ ಬಂಡೆ ಹೇಗೆ ಸ್ಪಂದಿಸುತ್ತದೆ ಎಂಬ ದಾಖಲೆಗಾಗಿ.

ತೆರೆದ ಬಾವಿ ಬೇಡ. ಜಂಬಿಟ್ಟಿಗೆ ಪದರದ ನೀರು ಒಂದು ಮಳೆಗೇ ಏರಿಬಿಡುತ್ತದೆ. ಪಂಪ್ ತೆಗೆದ, ಗಟ್ಟಿ ಬಂಡೆಗಿಳಿದ, ಕೇಸಿಂಗ್ ಚೆನ್ನಾಗಿರುವ ಹಳೆಯ ಕೊಳವೆಬಾವಿ ಹುಡುಕಿ. ಕೇಸಿಂಗ್ ಬಾಯಿಗೆ ಒಂದು ಗುರುತು ಕೊರೆಯಿರಿ. ಎಲ್ಲ ಅಳತೆಯೂ ಅಲ್ಲಿಂದಲೇ.

ಉಕ್ಕಿನ ಟೇಪಿನ ಕೊನೆಯ ಒಂದು ಮೀಟರಿಗೆ ಸೀಮೆಸುಣ್ಣ ಬಳಿದು, ತುದಿಗೆ ಸಣ್ಣ ತೂಕ ಕಟ್ಟಿ ಇಳಿಬಿಡಿ. ಗುರುತಿಗೆ ಸರಿಯಾಗಿ 18 ಮೀಟರ್ ಹಿಡಿದಾಗ 42 ಸೆಂ.ಮೀ. ಒದ್ದೆಯಾಗಿದ್ದರೆ ನೀರು 17.58 ಮೀಟರ್ ಆಳದಲ್ಲಿದೆ. ಒದ್ದೆಯ ಅಂಚು ನೇರವಾಗಿರದೆ ಚುಕ್ಕೆಚುಕ್ಕೆಯಾಗಿದ್ದರೆ ಕೇಸಿಂಗ್ ಗೋಡೆಯ ಹನಿ ತಾಗಿದೆ ಎಂದರ್ಥ. ಟೇಪ್ ಒರೆಸಿ ಮತ್ತೆ ಇಳಿಸಿ. ಎರಡು ಅಳತೆಗೂ 1 ಸೆಂ.ಮೀ.ಗಿಂತ ಹೆಚ್ಚು ಅಂತರ ಬಂದರೆ ಮೂರನೆಯದು ತೆಗೆಯಿರಿ.

ಹೆಚ್ಚಿನವರು ಎಡವುವುದು ಗಾಳಿಯ ಒತ್ತಡದಲ್ಲಿ. ಒತ್ತಡ 1 ಹೆಕ್ಟೊಪ್ಯಾಸ್ಕಲ್ (ಗಾಳಿಯ ಒತ್ತಡ ಅಳೆಯುವ ಮಾನ) ಏರಿದರೆ ಬಾವಿಯ ನೀರು 1 ಸೆಂ.ಮೀ.ವರೆಗೂ ಇಳಿಯಬಹುದು. ನಮ್ಮ ಕಡೆ ಒತ್ತಡ ದಿನಾಲೂ ಬೆಳಿಗ್ಗೆ ಹತ್ತರ ಸುಮಾರಿಗೆ ಏರಿ, ಸಂಜೆ ನಾಲ್ಕರ ಹೊತ್ತಿಗೆ ಇಳಿಯುತ್ತದೆ. ಒಂದು ದಿನ ಹತ್ತಕ್ಕೆ, ಮರುದಿನ ನಾಲ್ಕಕ್ಕೆ ಅಳೆದವರಿಗೆ ಬಂಡೆ ಅಲುಗಾಡಿದಂತೆಯೇ ಕಾಣುತ್ತದೆ! ದಿನವೂ ಬೆಳಿಗ್ಗೆ ಆರಕ್ಕೇ ಅಳೆಯಿರಿ. ಪಕ್ಕದಲ್ಲಿ ಒತ್ತಡ, ಮಳೆ, ಸುತ್ತಲಿನ ಅಡಿಕೆ ತೋಟಗಳ ಪಂಪ್ ಓಡಿದ ಹೊತ್ತು ಬರೆಯಿರಿ; ರಾತ್ರಿ ತ್ರೀ ಫೇಸ್ ಕರೆಂಟ್ ಬಂದಿದ್ದರೆ ಅದನ್ನೂ. ಲಿಂಗನಮಕ್ಕಿ ಹಿನ್ನೀರಿನ ಆಸುಪಾಸಿನವರು ಅಣೆಕಟ್ಟೆಯ ಮಟ್ಟವನ್ನೂ ಸೇರಿಸಿ, ಏಕೆಂದರೆ ತುಂಬಿದ ನೀರಿನ ಭಾರ ಬಂಡೆಯನ್ನು ಒತ್ತುತ್ತದೆ. ಒಂದು ಪೂರ್ತಿ ವರ್ಷದ ಅಂಕಿ ಕೈಯಲ್ಲಿರುವ ತನಕ ಯಾವ ಏರಿಳಿತಕ್ಕೂ ಅರ್ಥ ಹಚ್ಚಬೇಡಿ.

ನೆಲ ನಡುಗಿದರೆ ಸಮಯವನ್ನು ನಿಮಿಷದವರೆಗೆ ಬರೆದು, ಮೊದಲ ಒಂದು ಗಂಟೆಯವರೆಗೆ ಹದಿನೈದು ನಿಮಿಷಕ್ಕೊಮ್ಮೆ, ಆಮೇಲೆ ದಿನವಿಡೀ ಗಂಟೆಗೊಮ್ಮೆ ಅಳೆಯಿರಿ. ಭೂಕಂಪ ಎಂದು ವಾಟ್ಸಾಪಿನಲ್ಲಿ ಹಾಕಬೇಡಿ. 2021ರ ಜನವರಿ 21ರ ರಾತ್ರಿ ಹುಣಸೋಡಿನ ಕಲ್ಲು ಕ್ವಾರಿ ಬಳಿಯ ಸ್ಫೋಟಕ್ಕೆ ಶಿವಮೊಗ್ಗದ ಮನೆಗಳು ಅದುರಿದಾಗಲೂ ಜನ ಮೊದಲು ಅಂದುಕೊಂಡದ್ದು ಭೂಕಂಪವೆಂದೇ. ಸ್ಫೋಟವೋ ಕಂಪನವೋ ಎಂಬುದನ್ನು ಭೂಕಂಪಮಾಪಕದ ಅಲೆಗಳು ಹೇಳಬೇಕು. ಬಾವಿಯ ನೀರು ಅದನ್ನು ಹೇಳಲಾರದು.