ನನ್ನ ಮನೆಯ ಫಾಲ್ಸ್ ಸೀಲಿಂಗಿನ ಬಿರುಕು ನಿಂತ ಬಗೆ

ಕಲಬುರಗಿಯ ಸೇಡಂ ರಸ್ತೆಯ ಕಡೆಗಿರುವ ನನ್ನ ಮನೆಯ ಮೇಲಂತಸ್ತಿನ ಕೋಣೆಗೆ ಜಿಪ್ಸಂ ಬೋರ್ಡಿನ ಸೀಲಿಂಗ್ ಹಾಕಿಸಿದ ಮರುವರ್ಷವೇ, ಫ್ಯಾನಿನ ಪಕ್ಕದಿಂದ ಗೋಡೆಯವರೆಗೆ ಗೆರೆ ಎಳೆದಂತೆ ಬಿರುಕು ಬಿಟ್ಟಿತು. ಬಣ್ಣದ ಕೆಲಸವೇ ನನ್ನ ಕಸುಬಾದ್ದರಿಂದ ಮನೆಗೆ ಬಂದವರು ಮೊದಲು ನೋಡುತ್ತಿದ್ದುದು ಅದನ್ನೇ.

ಮೊದಲ ವರ್ಷ ಕೆರೆದು ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ತುಂಬಿದೆ. ದೀಪಾವಳಿಗೆ ಬಣ್ಣ, ಯುಗಾದಿಗೆ ಬಿರುಕು. ಎರಡನೆಯ ವರ್ಷ ಹಾಕಿದ ಜಾಲರಿ ಟೇಪು ಪುಟ್ಟಿಯ ಸಮೇತ ಉಬ್ಬಿ ನಿಂತಿತು. ಮೂರನೆಯ ವರ್ಷದ ಅಕ್ರಿಲಿಕ್ ಫಿಲ್ಲರ್ ಬಿರಿಯಲಿಲ್ಲವಾದರೂ ಧೂಳು ಹಿಡಿದು ಕಪ್ಪು ಪಟ್ಟಿಯಾಯಿತು. ನನ್ನ ಕೂಲಿಯನ್ನು ಬಿಟ್ಟೇ ಏಳು ಸಾವಿರದಷ್ಟು ರೂಪಾಯಿ ಹೀಗೆ ಹೋಯಿತು. ಸೀಲಿಂಗ್ ಕೆಲಸದ ಪರಿಚಿತ ಮಿಸ್ತ್ರಿಯೊಬ್ಬರು, "ಅಣ್ಣಾ, ಮ್ಯಾಲಿನ ಸ್ಲ್ಯಾಬ್ ಕಾಯ್ತದ, ಇದು ನಿಲ್ಲಂಗಿಲ್ಲ, ಪೂರಾ ಬಿಚ್ಚಬೇಕ್ರಿ" ಎಂದು 28,000 ಹೇಳಿದರು.

ಅವರ ಮಾತನ್ನು ಪರೀಕ್ಷಿಸಲು ತಾರಸಿಗೆ ಫೆವಿಕಾಲ್ ಬೆರೆಸಿದ ಸುಣ್ಣವನ್ನು ಎರಡು ಕೈ ಬಳಿದೆ. ಕೋಣೆಯ ಕಾವು ಇಳಿದದ್ದು ನಿಜ, ಆದರೆ ಬಿರುಕು ಸ್ವಲ್ಪ ಸಣ್ಣದಾಯಿತೇ ಹೊರತು ಹೋಗಲಿಲ್ಲ. ಬಿರುಕಿಗೆ ಅಡ್ಡಲಾಗಿ ಪತ್ರಿಕೆಯ ಕಾಗದದ ತುಣುಕುಗಳನ್ನು ಅಂಟಿಸಿದಾಗ, ಅವು ಫ್ಯಾನಿನ ಬಳಿಯಲ್ಲಿ ಎರಡೇ ದಿನಕ್ಕೆ ಹರಿದವು. ಗೋಡೆಯ ಬಳಿಯವು ವಾರ ತಡೆದವು. ಲೈಟಿನ ರಂಧ್ರದಿಂದ ಮೊಬೈಲ್ ಬೆಳಕು ಬಿಟ್ಟು ನೋಡಿದರೆ, ಎರಡು ಬೋರ್ಡುಗಳ ತುದಿಗಳು ಕೂಡುವಲ್ಲಿ ಹಿಂದೆ ಸೆಕ್ಷನ್ನೇ, ಅಂದರೆ ಬೋರ್ಡಿಗೆ ಸ್ಕ್ರೂ ಹೊಡೆಯುವ ಲೋಹದ ಪಟ್ಟಿಯೇ, ಇರಲಿಲ್ಲ. ಜೋಡು ಗಾಳಿಯಲ್ಲಿ ತೇಲುತ್ತಿತ್ತು, ಫ್ಯಾನಿನ ರಾಡು ಬೋರ್ಡಿನ ಅಂಚಿಗೆ ತಾಗುತ್ತಿತ್ತು. ಹೀಗಿರುವಾಗ ಮೇಲೆ ಯಾವ ಪುಟ್ಟಿ ಹಚ್ಚಿದರೇನು?

ಹಿಂದಿನಿಂದ ಪ್ಲೈವುಡ್ ಪಟ್ಟಿ ಕೊಟ್ಟು ನೋಡಿದ ಪ್ರಯೋಗವೂ ಒಂದು ಮಳೆಗಾಲದ ತೇವಕ್ಕೆ ಸೊಟ್ಟಗಾಗಿ ಕೆಟ್ಟಿತು. ಕೊನೆಗೆ ಹಳೆಯ ಸ್ಪೀಕರಿನ ಅಯಸ್ಕಾಂತದಿಂದ ಸ್ಕ್ರೂಗಳನ್ನು ಹುಡುಕಿ, ಒಂದು ಬೋರ್ಡನ್ನು ಇಳಿಸಿ, ಎರಡೂ ತುದಿಗಳು ಒಂದೊಂದು ಇಂಚು ಕೂರುವಂತೆ ಜೋಡಿನ ನೇರಕ್ಕೆ ಹೊಸ ಸೆಕ್ಷನ್ ಕಟ್ಟಿದೆ. 12.5 ಮಿಲಿಮೀಟರಿನ ಹೊಸ ಬೋರ್ಡನ್ನು ಸುಮಾರು ಎಂಟು ಇಂಚಿಗೊಂದರಂತೆ ಸ್ಕ್ರೂ ಹೊಡೆದು ಕೂರಿಸಿದೆ. ಗೋಡೆಯ ಕಡೆ ಮಾತ್ರ ಸ್ಕ್ರೂ ಹೊಡೆಯದೆ ಸಣ್ಣ ಸಂದು ಉಳಿಸಿ ಮೇಲೆ ಪಟ್ಟಿ ಮುಚ್ಚಿದೆ. ರಾಡಿನ ಸುತ್ತಲ ರಂಧ್ರವನ್ನು ಅರ್ಧ ಇಂಚು ದೊಡ್ಡದು ಮಾಡಿದೆ.

ಜೋಡಿಗೆ ಜಾಲರಿಯಲ್ಲ, ಕಾಗದದ ಟೇಪು. ನಮ್ಮ ಬಿಸಿಲಿಗೆ ಕಾಂಪೌಂಡು (ಜೋಡಿಗೆ ಹಚ್ಚುವ ಪುಟ್ಟಿ) ಬೇಗನೆ ಒಣಗಿ ತಾನೇ ಬಿರಿಯುವುದರಿಂದ, ಸಂಜೆಯ ಹೊತ್ತು ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ, ದಿನಕ್ಕೊಂದರಂತೆ ಮೂರು ಕೋಟು ಎಳೆದೆ. ಕತ್ತರಿಸಿದ ಅಂಚಿಗೆ ಟೇಪು ತಗ್ಗಿ ಕೂರುವಂಥ ಇಳಿಜಾರು ಇರದ ಕಾರಣ ಟೇಪಿನ ಉಬ್ಬು ಕಣ್ಣಿಗೆ ಬೀಳದಿರಲು ಕೊನೆಯ ಕೋಟನ್ನು ಆಚೆಈಚೆ ಅಡಿಯಷ್ಟು ಹರಡಬೇಕಾಯಿತು. ತಾಳ್ಮೆ ಕೆಟ್ಟದ್ದು ಇಲ್ಲಿಯೇ. ಮೊದಲ ಕೋಟಿಗೆ ಬೆರೆಸಿದ ಒಂದು ವಸ್ತುವಿನ ಹೆಸರನ್ನು ಮಾತ್ರ ಬರೆಯುವುದಿಲ್ಲ, ಅದು ನನ್ನ ಅನ್ನದ ವಿಷಯ. ಬೋರ್ಡು, ಸೆಕ್ಷನ್, ಟೇಪು, ಬಣ್ಣ ಎಲ್ಲ ಸೇರಿ 2,500 ರೂಪಾಯಿಯ ಒಳಗೇ ಮುಗಿಯಿತು.

ಎರಡು ಬೇಸಿಗೆ ಕಳೆದವು, ಜೋಡು ಬಾಯಿ ಬಿಟ್ಟಿಲ್ಲ. ಕಳೆದ ತಿಂಗಳು ಅದೇ ಮಿಸ್ತ್ರಿ ಸ್ಟೂಲು ಹತ್ತಿ, ಬೆರಳಿನಿಂದ ತಟ್ಟಿ ನೋಡಿ, ಪುಟ್ಟಿಗೆ ಏನು ಹಾಕಿದಿರಿ ಎಂದು ಕೇಳಿದರು. ಚಹಾ ಕುಡಿಸಿ ಕಳುಹಿಸಿದೆ.