ಬಚ್ಚಲ ಬಾಗಿಲಿಗೆ ತಗಡು: ಜಿಗ್‌ಸಾದಲ್ಲಿ ಕೊಯ್ಯುವುದು ಹೀಗೆ

ಬಚ್ಚಲಮನೆ ಬಾಗಿಲಿನ ಬುಡ ನಾಲ್ಕೈದು ಮಳೆಗಾಲಕ್ಕೆಲ್ಲ ಕುಂಬಾಗುತ್ತದೆ. ಅಡಿ ಎತ್ತರದ ಜಿ.ಐ. ತಗಡು (ಸತು ಲೇಪಿಸಿದ ಕಬ್ಬಿಣದ ತಗಡು) ಹೊಡೆದರೆ ಇನ್ನಷ್ಟು ವರ್ಷ ಬಾಳುತ್ತದೆ. ಹೊಡೆಯುವುದು ಸುಲಭ, ಅಳತೆಗೆ ಕೊಯ್ಯುವಾಗಲೇ ಎಡವಟ್ಟು. ನಮ್ಮ ಕೇರಿಯಲ್ಲಿ ಒಬ್ಬರು ತಗಡನ್ನು ಸ್ಟೂಲಿನ ಮೇಲಿಟ್ಟು, ಕಾಲಲ್ಲಿ ಮೆಟ್ಟಿಕೊಂಡು, ಬ್ಲೇಡು ಮೇಲೆ ಕೆಳಗೆ ಓಡುವ ಕರೆಂಟಿನ ಗರಗಸವಾದ ಜಿಗ್‌ಸಾ ಬಿಟ್ಟರು. ಎರಡಿಂಚು ಹೋಗುವಷ್ಟರಲ್ಲಿ ತಗಡು ಪಟಪಟ ಬಡಿದುಕೊಂಡಿತು, ಬ್ಲೇಡು ಮುರಿಯಿತು, ತಗಡು ಹಿಡಿಯಹೋದ ಹೆಬ್ಬೆರಳಿಗೆ ಮೂರು ಹೊಲಿಗೆ ಬಿತ್ತು.

ನೇರವಾಗಿ ಒಂದೇ ಗೆರೆ ಕೊಯ್ಯುವುದಿದ್ದರೆ ಮಶೀನೇ ಬೇಡ, ತಗಡು ಕತ್ತರಿ ಸಾಕು. ಮೂಲೆ ಗುಂಡಗಾಗಬೇಕು, ತಿರುಗಣಿಗೆ ಜಾಗ ಬಿಡಬೇಕು ಎಂದಾಗ ಜಿಗ್‌ಸಾ ತೆಗೆಯಿರಿ. ಗ್ರೈಂಡರ್ ಮಾತ್ರ ಬೇಡವೇ ಬೇಡ. ಅದರ ಕಿಡಿಗೆ ಅಂಚಿನ ಸತು ಸುಟ್ಟುಹೋಗಿ, ಬಚ್ಚಲ ನೀರು ತಾಗಿದ ಕೂಡಲೇ ತುಕ್ಕು ಅಲ್ಲಿಂದಲೇ ಏಳುತ್ತದೆ. ಆ ಬಿಳಿ ಹೊಗೆ ಕುಡಿದರೆ ರಾತ್ರಿ ಜ್ವರವೂ ಬರಬಹುದು.

1. ಬ್ಲೇಡು: ತಗಡಿಗೆಂದೇ ಬರುವ ಸಣ್ಣ ಹಲ್ಲಿನದು. ಬಾಷ್‌ನ ಟಿ118ಜಿ ನಮೂನೆ ಕೇಳಿ. ಮರದ ಬ್ಲೇಡಿನಲ್ಲೇ ‘ಅಡ್ಜಸ್ಟ್’ ಮಾಡುತ್ತೇನೆ ಎನ್ನಬೇಡಿ. ಹೆಸರಿಲ್ಲದ ಪ್ಯಾಕೆಟ್ಟಿನ ಹತ್ತು ಬ್ಲೇಡಿಗಿಂತ ಒಳ್ಳೆಯದೊಂದು ಮೇಲು. ಬ್ಲೇಡು ಬದಲಿಸುವ ಮೊದಲು ಪ್ಲಗ್ಗು ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು.

2. ಹಲಗೆ: ಎಲ್ಲರೂ ಬಿಡುವ ಹಂತವಿದು. ಕೊಯ್ಯುವಾಗ ಮೂರು ಹಲ್ಲಾದರೂ ಲೋಹದೊಳಗಿರಬೇಕು ಎಂಬುದು ಲೆಕ್ಕ. ಅರ್ಧ ಮಿಲಿಮೀಟರ್ ತಗಡಿನಲ್ಲಿ ಅತಿ ಸಣ್ಣ ಬ್ಲೇಡಿನದೂ ಒಂದು ಹಲ್ಲು ನೆಟ್ಟಗೆ ಕೂರುವುದಿಲ್ಲ. ಅದಕ್ಕೇ ಹಲ್ಲು ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಸಾಲದ್ದಕ್ಕೆ ಜಿಗ್‌ಸಾ ಕೊಯ್ಯುವುದು ಬ್ಲೇಡು ಮೇಲೆ ಬರುವಾಗ, ಹಾಗಾಗಿ ತಗಡನ್ನೂ ಮೇಲಕ್ಕೆಳೆಯುತ್ತದೆ. ಉಪಾಯ ಇಷ್ಟೇ: ಬಡಗಿಯ ಹತ್ತಿರ ತುಂಡು ಪ್ಲೈವುಡ್ ಕೇಳಿ ತಂದು, ಕೆಳಗೊಂದು ಮೇಲೊಂದು ಇಟ್ಟು ನಡುವೆ ತಗಡು ಸೇರಿಸಿ. ಗೆರೆಯನ್ನು ಮೇಲಿನ ಹಲಗೆಯ ಮೇಲೆ ಎಳೆಯಿರಿ. ಬಿಗಿಹಿಡಿಯುವ ಸಿ ಕ್ಲಾಂಪ್ ಗೇಣಿಗೊಂದು ಬೇಕು. ಕ್ಲಾಂಪ್ ಕಡಿಮೆಯಿದ್ದರೆ, ಬಿಸಾಡುವ ಭಾಗದಲ್ಲಿ ತೂತು ಕೊರೆದು ಮೂರಕ್ಕೂ ಸೇರಿಸಿ ಸ್ಕ್ರೂ ಹಾಕಿ. ಬೆರಳಿನಲ್ಲಿ ತಟ್ಟಿ ನೋಡಿ. ದಪ್ಪ ಹಲಗೆಯ ಸದ್ದು ಬಂದರೆ ಸರಿ, ಗಿರಗಿರ ಅಂದರೆ ಇನ್ನೂ ಬಿಗಿಯಬೇಕು.

ಇದನ್ನು ಎರಡು ಬೆಂಚಿನ ಮೇಲಿಡಿ, ಗೆರೆ ನಡುವಿನ ಸಂದಿಗೆ ಬರಲಿ. ಕೆಳಗೆ ಬ್ಲೇಡು ಓಡಾಡುತ್ತದೆ, ಮಂಡಿ ಅಲ್ಲಿರಬಾರದು. ಎರಡೂ ಬದಿಗೆ ಆಧಾರವಿರಲಿ. ಕೊನೆಯಲ್ಲಿ ಒಂದು ಬದಿ ಜೋತುಬಿದ್ದರೆ ಬ್ಲೇಡನ್ನು ಕಚ್ಚಿಹಿಡಿಯುತ್ತದೆ.

3. ಉಡುಪು: ಲುಂಗಿ, ಹವಾಯಿ ಚಪ್ಪಲಿ ಬಿಟ್ಟು ಪ್ಯಾಂಟು, ಶೂ. ಓದುವ ಕನ್ನಡಕ ಲೆಕ್ಕಕ್ಕಿಲ್ಲ, ಬದಿಯೂ ಮುಚ್ಚುವ ಗಾಗಲ್ ಬೇಕು. ತಗಡು ಎತ್ತಿಡುವಾಗ ಚರ್ಮದ ಕೈಗವಸು. ಸಡಿಲವಾದ ಬಟ್ಟೆಯದಂತೂ ಓಡುವ ಬ್ಲೇಡಿನ ಹತ್ತಿರ ಬೇಡ.

4. ಕೊಯ್ಯುವುದು: ಪೆಂಡುಲಮ್ (ಬ್ಲೇಡಿನ ಹಿಂದೆಮುಂದೆ ತೂಗಾಟ) ಸೊನ್ನೆಗೆ, ವೇಗ ಕಡಿಮೆಗೆ. ವೈರು ಹೆಗಲ ಹಿಂದೆ. ಬ್ಲೇಡಿಗೆ ಮೇಣದ ಬತ್ತಿ ಉಜ್ಜಿ. ನಾನು ಎಣ್ಣೆ ಹಾಕುವುದಿಲ್ಲ, ಪ್ಲೈವುಡ್ಡೇ ಕುಡಿದುಬಿಡುತ್ತದೆ. ಮಶೀನಿನ ತಳ ಹಲಗೆಗೆ ಒತ್ತಿರಲಿ, ಬ್ಲೇಡು ಇನ್ನೂ ತಾಗಿರಬಾರದು. ಮೋಟಾರು ಓಡಿದ ಮೇಲೆ ಅಂಚಿಗೆ ತಾಗಿಸಿ. ಮುಂದಕ್ಕೆ ನೂಕಬೇಡಿ, ಅದರ ಪಾಡಿಗೆ ಹೋಗಲಿ. ಬ್ಲೇಡು ನೀಲಿಗಟ್ಟಿದರೆ ವೇಗ ಹೆಚ್ಚಾಯಿತೆಂದು ಅರ್ಥ. ಮುಗಿದ ಮೇಲೂ ಬ್ಲೇಡು ಪೂರ್ತಿ ನಿಲ್ಲುವ ತನಕ ಎತ್ತಬೇಡಿ.

5. ಅಂಚು: ಅರದಿಂದ ನಾಲ್ಕು ಸಲ ಉಜ್ಜಿ, ಸತುವಿನ ಪೇಂಟು ಸವರಿ.

ಉದುರಿದ ಲೋಹದ ಚೂರು ಪೊರಕೆಗೆ ಸಿಗುವುದಿಲ್ಲ, ಬರಿಗಾಲಿಗೆ ಸಿಗುತ್ತದೆ. ಹಳೇ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅಂಗಳದಲ್ಲಿ ಎಳೆಯಿರಿ. ಚೀಲವನ್ನು ಒಳಗಿನದು ಹೊರಗಾಗುವಂತೆ ಮಗುಚಿದರೆ ಚೂರೆಲ್ಲ ಅದರೊಳಗೇ ಉಳಿಯುತ್ತದೆ.